ಬಡ ಮಣ್ಣಿನ ಹಳದಿ ಹೂವು

ರೇಡಿಯೋದಲ್ಲಿ ಆಡಿದ ಮಾತು ಗಾಳಿಯಲ್ಲಿ ಹೋಗಿಬಿಡುತ್ತದೆ. ಕುಕ್ಕರಿನ ಸೀಟಿಯಲ್ಲೋ, ಬೀದಿಯ ಹಾರ್ನ್ ಸದ್ದಿನಲ್ಲೋ ಅರ್ಧ ತಪ್ಪಿಹೋಯಿತು ಎನ್ನುವವರಿಗಾಗಿ ನಮ್ಮ ಕನ್ನಡ ವೇಳೆಯ ಮಾತೊಂದನ್ನು ಇಲ್ಲಿ ಅಚ್ಚು ಹಾಕಿದ್ದೇವೆ. ಕೇಳಿದವರು ಇನ್ನೊಮ್ಮೆ ಓದಿ. ಕೇಳದೇ ಇದ್ದವರು ಈಗ ಓದಿ.

ಒಂದು ಸಣ್ಣ ಪ್ರಶ್ನೆಯಿಂದ ಶುರುಮಾಡೋಣ. ನಿಮ್ಮ ಹಾಸಿಗೆಯೊಳಗೆ ಏನಿದೆ? ಈಗ ಎಲ್ಲರ ಮನೆಯಲ್ಲೂ ಫೋಮು, ಸ್ಪ್ರಿಂಗು. ಹಿಂದೆ ಹಾಸಿಗೆಗೆ ಹತ್ತಿ, ದಿಂಬಿಗೆ ಬೂರುಗದ ಹತ್ತಿ ಇರುತ್ತಿತ್ತು. ಅದಕ್ಕೂ ಅನುಕೂಲವಿಲ್ಲದವರು ಭತ್ತದ ಹುಲ್ಲು ಹರಡಿ, ಮೇಲೊಂದು ಕಂಬಳಿ ಹಾಸಿ ಮಲಗುತ್ತಿದ್ದರು. ಯುರೋಪಿನ ಹಳ್ಳಿಗಳಲ್ಲೂ ಹೀಗೆಯೇ ಇತ್ತು. ಗೋಣಿಯಂಥ ದಪ್ಪ ಬಟ್ಟೆಯ ಚೀಲದೊಳಗೆ ಒಣಹುಲ್ಲು ತುಂಬಿ ಹೊಲಿದರೆ ಅದೇ ಹಾಸಿಗೆ. ಆ ಹುಲ್ಲಿನ ಜೊತೆಗೆ ಅಲ್ಲಿನ ಹೆಂಗಸರು ಒಂದು ಕಾಡುಗಿಡವನ್ನೂ ಒಣಗಿಸಿ ಸೇರಿಸುತ್ತಿದ್ದರು. ಹಾಗಾಗಿ ಇಂಗ್ಲಿಷಿನಲ್ಲಿ ಅದರ ಹೆಸರೇ ಬೆಡ್‌ಸ್ಟ್ರಾ ಎಂದಾಯಿತು, ಅಂದರೆ ಹಾಸಿಗೆಯ ಹುಲ್ಲು. ಸಸ್ಯಶಾಸ್ತ್ರಜ್ಞರು ಈ ಕುಲವನ್ನು ಗೇಲಿಯಂ ಎನ್ನುತ್ತಾರೆ. ನಮ್ಮ ಇಂದಿನ ಮಾತಿನ ಮಟ್ಟಿಗೆ ಇದನ್ನು ಹಾಸುಹುಲ್ಲು ಎಂದು ಕರೆಯೋಣ. ಆದರೆ ನೆನಪಿರಲಿ, ಹೆಸರಿನಲ್ಲಿ ಹುಲ್ಲು ಇದ್ದರೂ ಇದು ಹುಲ್ಲಿನ ಜಾತಿಯದಲ್ಲ.

ನೋಡಲು ಬಹಳ ಸಾಧಾರಣ ಗಿಡ. ತೆಳ್ಳನೆಯ ಕಾಂಡ. ಆ ಕಾಂಡದ ಸುತ್ತ, ಚಕ್ರದ ಅರೆಕಾಲುಗಳ ಹಾಗೆ, ಸೂಜಿಯಂಥ ಎಲೆಗಳು ಒಂದೇ ಮಟ್ಟದಲ್ಲಿ ನಾಲ್ಕೋ, ಆರೋ, ಎಂಟೋ ಹರಡಿಕೊಂಡಿರುತ್ತವೆ. ಹೂವು ಎರಡು ಮೂರು ಮಿಲಿಮೀಟರಿನಷ್ಟು ಅಗಲ, ಸಾಸಿವೆ ಕಾಳಿನ ಗಾತ್ರ ಎನ್ನಿ. ಸಾಮಾನ್ಯವಾಗಿ ನಾಲ್ಕು ಎಸಳು. ಹೆಚ್ಚಿನ ಜಾತಿಗಳಲ್ಲಿ ಬಿಳಿ ಬಣ್ಣ. ಹಾಸಿಗೆಗೆ ಹೆಸರಾದ ಮುಖ್ಯ ಜಾತಿ ಗೇಲಿಯಂ ವೇರಂ ಮಾತ್ರ ಹೊಳೆಯುವ ಹಳದಿ. ಒಂದೊಂದೇ ಹೂವು ಕಣ್ಣಿಗೆ ಬೀಳುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ ಸಾವಿರಾರು ಹೂವು ಒಟ್ಟಿಗೆ ಅರಳಿದಾಗ ಇಡೀ ದಿಣ್ಣೆಗೆ ಅರಿಶಿನ ಚೆಲ್ಲಿದಂತೆ ಕಾಣುತ್ತದೆ, ಜೇನಿನ ಪರಿಮಳ ಗಾಳಿಗೆ ಬರುತ್ತದೆ.

ಈ ಗಿಡ ನಮಗೆ ಅಪರಿಚಿತ. ಆದರೆ ಇದರ ನೆಂಟರೆಲ್ಲ ನಮ್ಮ ಮನೆಯವರೇ. ಗೇಲಿಯಂ ಕುಲ ಸೇರಿರುವುದು ರೂಬಿಯೇಸಿ ಎಂಬ ದೊಡ್ಡ ಕುಟುಂಬಕ್ಕೆ. ಸುಮಾರು 13,000 ಜಾತಿಗಳಿರುವ ಈ ಕುಟುಂಬದ ಅತಿ ಪ್ರಸಿದ್ಧ ಸದಸ್ಯ ಯಾರು ಗೊತ್ತೇ? ಬೆಳಿಗ್ಗೆ ನಿಮ್ಮ ಲೋಟದಲ್ಲಿದ್ದ ಕಾಫಿ. ಹೌದು, ಚಿಕ್ಕಮಗಳೂರು ಮತ್ತು ಕೊಡಗಿನ ತೋಟಗಳ ಕಾಫಿ ಗಿಡವೇ. ಕರಾವಳಿಯ ಗುಡ್ಡಗಳಲ್ಲಿ ಕೆಂಪಗೆ ಅರಳುವ ಕೇಪಳ ಇದೇ ಕುಟುಂಬ. ಬನವಾಸಿಯ ಅರಸುಮನೆತನಕ್ಕೆ ಹೆಸರು ಕೊಟ್ಟ ಕದಂಬ ಮರವೂ ಇದೇ ಕುಟುಂಬ. ಮಲೇರಿಯಾಕ್ಕೆ ಕ್ವಿನೀನ್ ಕೊಟ್ಟ ಸಿಂಕೋನಾ, ಆಯುರ್ವೇದದ ಮಂಜಿಷ್ಠ ಎಲ್ಲವೂ ಇದರ ಬಳಗವೇ.

ನೆಂಟಸ್ತಿಕೆಯ ಗುರುತು ಬೇಕೇ? ಊರಿಗೆ ಹೋದಾಗ ಕಾಫಿ ಗಿಡದ ಎಳೆಯ ರೆಂಬೆಯನ್ನು ಹತ್ತಿರದಿಂದ ನೋಡಿ. ಎಲೆಗಳು ಎದುರುಬದುರಾಗಿ ಎರಡೆರಡು ಇರುತ್ತವೆ. ಆ ಎರಡು ಎಲೆಗಳ ನಡುವೆ, ಕಾಂಡಕ್ಕೆ ಅಂಟಿಕೊಂಡು, ತ್ರಿಕೋನಾಕಾರದ ಒಂದು ಪುಟ್ಟ ಹಸಿರು ಚೂರು ಕಾಣುತ್ತದೆ. ಅದನ್ನು ಉಪಪತ್ರ ಎನ್ನುತ್ತಾರೆ. ಹಾಸುಹುಲ್ಲಿನಲ್ಲಿ ಈ ಉಪಪತ್ರಗಳೇ ಬೆಳೆದು ಎಲೆಯಷ್ಟೇ ಉದ್ದವಾಗಿವೆ. ಹಾಗಾಗಿ ಚಕ್ರದಲ್ಲಿ ಎಂಟು ಎಲೆ ಕಂಡರೂ ಅವುಗಳಲ್ಲಿ ನಿಜವಾದ ಎಲೆ ಎರಡೇ, ಉಳಿದವು ಉಪಪತ್ರಗಳು.

ಸರಿ, ಹಾಸಿಗೆಗೆ ಇದೇ ಗಿಡ ಯಾಕೆ? ಹಸಿಯಾಗಿದ್ದಾಗ ಇದರ ಎಲೆಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಕೊಯ್ದು ನೆರಳಲ್ಲಿ ಒಣಗಿಸಿದರೆ ಕೂಮರಿನ್ ಎಂಬ ರಾಸಾಯನಿಕ ಹೊರಬಂದು, ಹೊಸದಾಗಿ ಕೊಯ್ದ ಹುಲ್ಲಿನ ಸಿಹಿ ಪರಿಮಳ ಹರಡುತ್ತದೆ. ತಿಂಗಳುಗಟ್ಟಲೆ ಉಳಿಯುವ ಪರಿಮಳ ಅದು. ನಮ್ಮಲ್ಲಿ ಬಟ್ಟೆಯ ಪೆಟ್ಟಿಗೆಯೊಳಗೆ ಲಾವಂಚದ ಬೇರು ಇಡುತ್ತಿದ್ದರಲ್ಲ, ಹಾಗೆ. ಚಿಗಟಗಳು ಹತ್ತಿರ ಬರುವುದಿಲ್ಲ ಎಂಬ ನಂಬಿಕೆಯೂ ಇತ್ತು. ಅದರಲ್ಲೂ ಬಾಣಂತಿಯ ಹಾಸಿಗೆಗೆ ಇದನ್ನು ತಪ್ಪದೆ ಹಾಕುತ್ತಿದ್ದರು. ಹೆರಿಗೆ ಸಲೀಸಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಆ ನಂಬಿಕೆಯ ಹಿಂದೆ ಒಂದು ಕಥೆ ಇದೆ. ಬೆತ್ಲೆಹೇಮಿನ ಕೊಟ್ಟಿಗೆಯಲ್ಲಿ ಮೇರಿ ಮಾತೆ ಮಲಗಿದ್ದು ಈ ಗಿಡದ ಹಾಸಿಗೆಯ ಮೇಲಂತೆ. ಮಗು ಯೇಸುವನ್ನು ಕಂಡು ಇದು ಸಂತೋಷದಿಂದ ಹೂ ಬಿಟ್ಟಿತಂತೆ. ಅಲ್ಲಿಯವರೆಗೆ ಬಿಳಿಯಾಗಿದ್ದ ಹೂವು ಆ ಕ್ಷಣದಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿತಂತೆ. ಜೊತೆಯಲ್ಲೇ ಇದ್ದ ಜರೀಗಿಡ ಮಗುವಿಗೆ ತಲೆಬಾಗಲಿಲ್ಲ, ಅದಕ್ಕೇ ಅದಕ್ಕೆ ಹೂವೇ ಇಲ್ಲವಾಯಿತು ಎಂದು ಕಥೆ ಮುಗಿಯುತ್ತದೆ. ಹಳದಿ ಹಾಸುಹುಲ್ಲಿಗೆ ಲೇಡೀಸ್ ಬೆಡ್‌ಸ್ಟ್ರಾ ಎಂಬ ಹೆಸರು ಬಂದದ್ದು ಹೀಗೆ. ಆ ಲೇಡಿ ಮೇರಿ ಮಾತೆಯೇ.

ಅಡುಗೆಮನೆಯಲ್ಲೂ ಇದಕ್ಕೆ ಕೆಲಸವಿತ್ತು. ಗೇಲಿಯಂ ಎಂಬ ಹೆಸರಿನಲ್ಲೇ ಹಾಲಿದೆ. ಗ್ರೀಕ್ ಭಾಷೆಯಲ್ಲಿ ಗಾಲ ಎಂದರೆ ಹಾಲು. ಹಾಲು ಒಡೆಯಿಸಿ ಗಟ್ಟಿ ಮಾಡಲು ಇದನ್ನು ಬಳಸುತ್ತಾರೆ ಎಂದು ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಬರೆದಿಟ್ಟಿದ್ದಾನೆ. 1597ರಲ್ಲಿ ಇಂಗ್ಲೆಂಡಿನ ಜಾನ್ ಜೆರಾರ್ಡ್ ತನ್ನ ಮೂಲಿಕೆಗಳ ಗ್ರಂಥದಲ್ಲಿ, ಚೆಷೈರ್ ಸೀಮೆಯ ಜನ ಚೀಸ್ ಮಾಡುವಾಗ ಇದನ್ನು ಸೇರಿಸುವುದನ್ನು ದಾಖಲಿಸಿದ್ದಾನೆ. ಡೆನ್ಮಾರ್ಕಿನವರು ಇದರ ಹೂವನ್ನು ಮದ್ಯದಲ್ಲಿ ನೆನೆಸಿ ಘಮ ತರಿಸಿಕೊಂಡರು.

ಹೂವು ಹಳದಿಯಾದರೂ ಬೇರಿನಲ್ಲಿರುವುದು ಕೆಂಪು. ಮಂಜಿಷ್ಠದ ನೆಂಟ ಅಂದೆನಲ್ಲ, ಆ ಕುಟುಂಬದ ಗುಣ ಅದು. ಒಂದು ಕಾಲಕ್ಕೆ ಕೋರಮಂಡಲ ಕರಾವಳಿಯ ಹತ್ತಿಬಟ್ಟೆಗಳಿಗೆ ಹೆಸರಾಂತ ಕೆಂಪು ಕೊಟ್ಟ ಚಾಯ್ ಬೇರು ಕೂಡ ಇದೇ ಬಳಗದ್ದು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳಲ್ಲಿ ಹಾಸುಹುಲ್ಲಿನ ಬೇರನ್ನು ಅಗೆದು, ಕುದಿಸಿ, ಉಣ್ಣೆಗೆ ಬಣ್ಣ ಕಟ್ಟುತ್ತಿದ್ದರು. ಬೇರು ದಾರದಷ್ಟು ಸಣ್ಣದು. ಒಂದು ಕಂಬಳಿಗೆ ಬಣ್ಣ ಬೇಕೆಂದರೆ ರಾಶಿ ರಾಶಿ ಅಗೆಯಬೇಕು.

ಇಲ್ಲಿಂದ ನಮ್ಮ ಮಾತು ಗಿಡ ಬಿಟ್ಟು ನೆಲಕ್ಕೆ ಇಳಿಯುತ್ತದೆ. ಆ ದ್ವೀಪಗಳ ಕಡಲಂಚಿನಲ್ಲಿ ಮಾಕೆರ್ ಎಂಬ ವಿಶೇಷ ಹುಲ್ಲುಗಾವಲು ಇದೆ. ಕಪ್ಪೆಚಿಪ್ಪಿನ ಪುಡಿಯೇ ಹೆಚ್ಚಾಗಿರುವ ಮರಳು, ಅದರ ಮೇಲೆ ತೆಳ್ಳನೆಯ ಹಸಿರು ಪದರ, ಅಷ್ಟೆ. ಆ ಪದರವನ್ನು ಹೊಲಿಗೆ ಹಾಕಿದಂತೆ ಹಿಡಿದಿಟ್ಟಿರುವುದು ಇಂಥ ಗಿಡಗಳ ಬೇರು. ಬಣ್ಣಕ್ಕಾಗಿ ಬೇರು ಕಿತ್ತಲ್ಲೆಲ್ಲ ಹೊಲಿಗೆ ಬಿಚ್ಚಿತು, ಅಟ್ಲಾಂಟಿಕ್ ಗಾಳಿಗೆ ಮರಳು ಹಾರತೊಡಗಿತು. ಕೊನೆಗೆ ಬೇರು ಅಗೆಯುವುದಕ್ಕೇ ಅಡ್ಡಿ ಹಾಕಬೇಕಾಯಿತು.

ಹಾಸುಹುಲ್ಲಿನ ಕುಲದಲ್ಲಿ ಆರು ನೂರಕ್ಕೂ ಹೆಚ್ಚು ಜಾತಿಗಳಿವೆ. ಅಕ್ಕತಂಗಿಯರ ಹಾಗೆ ಮುಖದಲ್ಲಿ ಹೋಲಿಕೆ, ಆದರೆ ಒಬ್ಬೊಬ್ಬರಿಗೆ ಒಂದೊಂದು ಊರೇ ಬೇಕು. ಹಳದಿ ಹಾಸುಹುಲ್ಲಿಗೆ ಒಣ ನೆಲ, ಸುಣ್ಣಗಲ್ಲಿನ ಗುಡ್ಡ, ಮರಳ ದಿಬ್ಬ, ಕುರಿ ಮೇಯುವ ಬಯಲು ಇಷ್ಟ. ಜೌಗು ಹಾಸುಹುಲ್ಲು ಕೆರೆಯಂಚಿನ ಕೆಸರು ಬಿಟ್ಟು ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಹೀತ್ ಬೆಡ್‌ಸ್ಟ್ರಾ ಎನ್ನುವ ಜಾತಿಗೆ ಮಳೆ ಹೆಚ್ಚಿರುವ ಬೆಟ್ಟದ ಹುಳಿಮಣ್ಣು ಬೇಕು. ಇನ್ನೊಂದಕ್ಕೆ ಸುಣ್ಣಗಲ್ಲೇ ಬೇಕು.

ವುಡ್‌ರಫ್ ಎನ್ನುವ ತಂಗಿ ಕಾಡಿನವಳು. ಜರ್ಮನಿಯ ಬೀಚ್ ಮರದ ಕಾಡುಗಳಲ್ಲಿ, ಮರ ಪೂರ್ತಿ ಎಲೆ ಬಿಡುವ ಹೊತ್ತಿಗೆ, ನೆಲದ ಮೇಲೆ ಬಿಳಿ ಚುಕ್ಕಿಯ ರಂಗೋಲಿ ಇಡುತ್ತಾಳೆ. ಅಲ್ಲಿನ ಜನ ಇದನ್ನು ವೈನಿನಲ್ಲಿ ನೆನೆಸಿ ಮೇ ತಿಂಗಳ ವಿಶೇಷ ಪಾನಕ ಮಾಡುತ್ತಾರೆ. ಮಿತವಾಗಿ ಬಳಸುತ್ತಾರೆ ಎನ್ನಿ, ಯಾಕೆಂದರೆ ಕೂಮರಿನ್ ಹೆಚ್ಚಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಬ್ರಿಟನ್ನಿನಲ್ಲಿ ವುಡ್‌ರಫ್ ಕಂಡರೆ ಅದು ಶತಮಾನಗಳಿಂದ ಉಳಿದ ಹಳೆಯ ಕಾಡು ಇರಬಹುದು ಎಂದು ತಿಳಿದವರು ಊಹಿಸುತ್ತಾರೆ. ಯುರೋಪಿನ ದೇಶಗಳು 1992ರಲ್ಲಿ ಕಾಪಾಡಬೇಕಾದ ನೆಲೆಗಳ ಪಟ್ಟಿ ಮಾಡಿದಾಗ, ಒಂದು ಬಗೆಯ ಬೀಚ್ ಕಾಡಿಗೆ ಬೀಚ್ ಮರದ ಹೆಸರಿನ ಜೊತೆಗೆ ಈ ಗೇಣುದ್ದದ ಗಿಡದ ಹಳೆಯ ಶಾಸ್ತ್ರೀಯ ಹೆಸರನ್ನೂ ಸೇರಿಸಿ ಕರೆದರು.

ಕೊನೆಯವಳು ಸ್ವಲ್ಪ ಗಟ್ಟಿಗಿತ್ತಿ, ಕ್ಲೀವರ್ಸ್. ಮೈತುಂಬ ಸಣ್ಣ ಕೊಕ್ಕೆಗಳು. ಉತ್ತರಾಣಿಯ ಹಾಗೆ ದಾರಿಹೋಕರ ಬಟ್ಟೆಗೆ, ನಾಯಿಯ ಮೈಗೆ ಇದರ ಕಾಯಿ ಅಂಟಿಕೊಳ್ಳುತ್ತದೆ. ಕೊಕ್ಕೆಯುಳ್ಳ ಈ ಕಾಂಡಗಳನ್ನು ಉಂಡೆ ಮಾಡಿ ಕುರುಬರು ಹಾಲು ಸೋಸುತ್ತಿದ್ದರು, ಹಾಲಿಗೆ ಬಿದ್ದ ಕೂದಲು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು ಎಂದು ಅದೇ ಡಯಾಸ್ಕೊರಿಡೀಸ್ ಹೇಳುತ್ತಾನೆ. ಇದರ ಬೀಜ ಹುರಿದು ಪುಡಿ ಮಾಡಿ ಕಾಫಿಯ ಬದಲು ಕುಡಿದವರೂ ಇದ್ದಾರೆ. ಕುಟುಂಬದ ಗುಣ ಎಲ್ಲಿ ಹೋಗುತ್ತದೆ ಹೇಳಿ! ಕ್ಲೀವರ್ಸಿಗೆ ಬೇಕಾದದ್ದು ಗೊಬ್ಬರ ತಿಂದು ಕೊಬ್ಬಿದ ಮಣ್ಣು. ಬೇಲಿಯ ಬುಡ, ತಿಪ್ಪೆಯ ಸುತ್ತ, ಗೋಧಿ ಹೊಲ ಇವಳ ತವರು.

ಹೀಗೆ ಒಬ್ಬೊಬ್ಬರಿಗೆ ಒಂದೊಂದು ನೆಲ ಯಾಕೆ? ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಒಬ್ಬ ವಿಜ್ಞಾನಿ ನೆಟ್ಟಗೆ ಕೇಳಿ ನೋಡಿದ. ಅವನು ಆರ್ಥರ್ ಟಾನ್ಸ್ಲೀ. 1935ರಲ್ಲಿ ಎಕೋಸಿಸ್ಟಂ ಎಂಬ ಪದವನ್ನು ಅಚ್ಚಿಗೆ ತಂದವನು, ಬ್ರಿಟಿಷ್ ಪರಿಸರ ವಿಜ್ಞಾನ ಸಂಘದ ಮೊದಲ ಅಧ್ಯಕ್ಷ. ಅವನು ಆರಿಸಿಕೊಂಡದ್ದು ಎರಡು ಹಾಸುಹುಲ್ಲುಗಳನ್ನು. ಒಂದು ಹುಳಿಮಣ್ಣಿನದು, ಇನ್ನೊಂದು ಸುಣ್ಣಗಲ್ಲಿನದು. ಕೇಂಬ್ರಿಜ್ಜಿನ ಸಸ್ಯೋದ್ಯಾನದಲ್ಲಿ ಬೇರೆ ಬೇರೆ ಬಗೆಯ ಮಣ್ಣು ತುಂಬಿ, ಎರಡನ್ನೂ ಮೊದಲು ಒಂಟಿಯಾಗಿ, ಆಮೇಲೆ ಜೊತೆಯಾಗಿ ಬೆಳೆಸಿ ನೋಡಿದ. ಫಲಿತಾಂಶವನ್ನು 1917ರಲ್ಲಿ ಪ್ರಕಟಿಸಿದ.

ಒಂಟಿಯಾಗಿ ಬಿಟ್ಟಾಗ ಎರಡೂ ಗಿಡ ಎರಡೂ ಬಗೆಯ ಮಣ್ಣಿನಲ್ಲಿ ಬದುಕಿದವು. ತನ್ನದಲ್ಲದ ಮಣ್ಣಿನಲ್ಲಿ ಸೊರಗಿದವು ನಿಜ. ಹುಳಿಮಣ್ಣಿನ ಗಿಡ ಸುಣ್ಣದ ನೆಲದಲ್ಲಿ ಹಳದಿಗಟ್ಟಿ ಬಡವಾಯಿತು. ಆದರೂ ಸಾಯಲಿಲ್ಲ. ಎರಡನ್ನೂ ಒಂದೇ ಪಾತಿಯಲ್ಲಿ ಹಾಕಿದಾಗ ಕಥೆ ಬದಲಾಯಿತು. ಸುಣ್ಣದ ಮಣ್ಣಿನಲ್ಲಿ ಸುಣ್ಣದವಳು ಹಬ್ಬಿ ಇನ್ನೊಬ್ಬಳನ್ನು ಮುಚ್ಚಿಹಾಕಿದಳು. ಹುಳಿಮಣ್ಣಿನಲ್ಲಿ ಹುಳಿಮಣ್ಣಿನವಳದೇ ಮೇಲುಗೈ. ಅಂದರೆ ಗಿಡವೊಂದು ಎಲ್ಲಿ ಬದುಕಬಲ್ಲದು ಎಂಬುದು ಬೇರೆ, ನೆರೆಹೊರೆಯ ನಡುವೆ ಎಲ್ಲಿ ನಿಲ್ಲಬಲ್ಲದು ಎಂಬುದು ಬೇರೆ. ಎರಡು ಜಾತಿಗಳ ಪೈಪೋಟಿಯನ್ನು ಹೀಗೆ ಮಣ್ಣು ಬದಲಿಸಿ ನೆಟ್ಟು ನೋಡಿದ ಮೊದಮೊದಲ ಪ್ರಯೋಗಗಳಲ್ಲಿ ಇದೊಂದು. ಪರಿಸರ ವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಇದರ ಮಾತು ಬರುತ್ತದೆ.

ನಮ್ಮಂಥ ಹೊರನಾಡ ಕನ್ನಡಿಗರು ಇದನ್ನು ಓದಿದಾಗ ಒಂದು ನಗು ಬರದೆ ಇರದು. ನಾವೂ ಬೇರೆ ಮಣ್ಣಿಗೆ ಬಂದು ಬೇರು ಬಿಟ್ಟವರೇ ತಾನೆ? ಆದರೆ ಗಿಡದ ನ್ಯಾಯವನ್ನು ಮನುಷ್ಯರಿಗೆ ಹಚ್ಚಬಾರದು. ಮನುಷ್ಯ ಬರುವಾಗ ತನ್ನ ಊರಿನ ಮಣ್ಣನ್ನು ಸ್ವಲ್ಪ ಹೊತ್ತುಕೊಂಡೇ ಬರುತ್ತಾನೆ. ಉಪ್ಪಿನಕಾಯಿಯ ಭರಣಿ ಬರುತ್ತದೆ, ದೇವರ ಪಟ ಬರುತ್ತದೆ. ಆಮೇಲೆ ಕರ್ನಾಟಕ ಸಂಘ ಹುಟ್ಟುತ್ತದೆ, ರಾಜ್ಯೋತ್ಸವ ನಡೆಯುತ್ತದೆ, ರೇಡಿಯೋದಲ್ಲಿ ಕನ್ನಡಕ್ಕೆ ಒಂದಿಷ್ಟು ಹೊತ್ತು ಸಿಗುತ್ತದೆ. ನೆರೆಯವರ ಭಾಷೆಯನ್ನೂ ಕಲಿಯುತ್ತೇವೆ. ಗಿಡಕ್ಕೆ ಈ ಯಾವ ಅನುಕೂಲವೂ ಇಲ್ಲ. ಅದರ ನೆಲದ ಗುಣ ಕೆಟ್ಟರೆ ಎದ್ದು ಬೇರೆ ಕಡೆ ಹೋಗುವ ಹಾಗಿಲ್ಲ.

ಇಂಗ್ಲೆಂಡಿನಲ್ಲಿ ಆದದ್ದು ಇದೇ. ಅಲ್ಲಿನ ಹಳ್ಳಿಗಳಲ್ಲಿ ಪ್ರತಿ ರೈತನಿಗೂ ಹುಲ್ಲಿನ ಬಯಲು ಇರುತ್ತಿತ್ತು. ಚಳಿಗಾಲಕ್ಕೆ ಮೇವು ಬೇಕಲ್ಲ? ಬೇಸಿಗೆಯಲ್ಲಿ ಹೂವೆಲ್ಲ ಅರಳಿ, ಬೀಜ ಬಲಿಯುವ ಹೊತ್ತಿಗೆ ಒಮ್ಮೆ ಕೊಯ್ಲು. ಆಮೇಲೆ ದನ, ಕುರಿ ಬಿಟ್ಟು ಮೇಯಿಸುವುದು. ಪ್ರತಿ ವರ್ಷ ಹುಲ್ಲು ಹೊರಗೆ ಹೋಗುತ್ತದೆ, ಮಣ್ಣಿಗೆ ವಾಪಸು ಬರುವುದು ಕಡಿಮೆ. ಹಾಗಾಗಿ ಮಣ್ಣು ಬಡವಾಗಿಯೇ ಉಳಿಯುತ್ತದೆ. ಬಡ ಮಣ್ಣಿನಲ್ಲಿ ಯಾವ ಒಂದು ಗಿಡವೂ ಕೊಬ್ಬಿ ಬೆಳೆದು ಉಳಿದವರನ್ನು ತುಳಿಯಲು ಆಗುವುದಿಲ್ಲ. ಹಂಚಿಕೊಂಡೇ ಬದುಕಬೇಕು. ಅದಕ್ಕೇ ಅಲ್ಲಿ ಅಷ್ಟು ಬಗೆಯ ಹೂವುಗಳು, ಅವುಗಳ ನಡುವೆ ನಮ್ಮ ಹಳದಿ ಹಾಸುಹುಲ್ಲು.

ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಆಹಾರ ಬರುವುದು ಕಷ್ಟವಾಯಿತು. ಸರ್ಕಾರವೇ ಮುಂದೆ ನಿಂತು ಲಕ್ಷಾಂತರ ಎಕರೆ ಹುಲ್ಲುಗಾವಲನ್ನು ಉಳಿಸಿತು ಎಂದುಕೊಂಡಿರಾ? ಇಲ್ಲ, ಉಳಿಸಿತು. ಇಲ್ಲಿ 'ಉಳಿಸು' ಎಂದರೆ ನೇಗಿಲು ಹೂಡಿಸು ಎಂಬ ಅರ್ಥ! ಯುದ್ಧ ಮುಗಿದ ಮೇಲೂ ಹಸಿದ ದೇಶಕ್ಕೆ ಹೆಚ್ಚು ಹಾಲು, ಹೆಚ್ಚು ಮಾಂಸ ಬೇಕಿತ್ತು. ಉಳಿದ ಬಯಲಿಗೆ ರಸಗೊಬ್ಬರ ಸುರಿದು, ಬೇಗ ಬೆಳೆಯುವ ಹುಲ್ಲಿನ ಬೀಜ ಬಿತ್ತಿದರು. ಇದಕ್ಕೆ ಅವರಿಟ್ಟ ಹೆಸರು ಸುಧಾರಣೆ. ರೈತರನ್ನು ದೂರುವಂತಿಲ್ಲ, ಅವರ ಹೊಟ್ಟೆಪಾಡು ಅದು. ಆದರೆ 1930ರ ದಶಕದಿಂದ 1984ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ತಗ್ಗು ಪ್ರದೇಶಗಳ ಹಳೆಯ ಹೂಬಯಲುಗಳಲ್ಲಿ ನೂರಕ್ಕೆ 97 ಭಾಗ ಇಲ್ಲವಾಯಿತು.

ಗೊಬ್ಬರ ಹಾಕಿದರೆ ಹೂವಿಗೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಕುಂಡದ ಗುಲಾಬಿಗೆ ಒಳ್ಳೆಯದು. ಬಯಲಿನ ಲೆಕ್ಕ ಬೇರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1856ರಲ್ಲಿ ಒಂದು ಹುಲ್ಲುಬಯಲನ್ನು ಪಟ್ಟೆಪಟ್ಟೆಯಾಗಿ ಗುರುತಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಹಾಕತೊಡಗಿದರು. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಏನೂ ಹಾಕದೆ ಬಿಟ್ಟ ಪಟ್ಟೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಗಿಡಗಳಿವೆ. ಅಮೋನಿಯಂ ಗೊಬ್ಬರ ಹೆಚ್ಚಾಗಿ ಹಾಕಿ, ಸುಣ್ಣ ಹಾಕದೆ ಬಿಟ್ಟ ಕೆಲವು ಪಟ್ಟೆಗಳಲ್ಲಿ ಉಳಿದದ್ದು ಬೆರಳೆಣಿಕೆಯ ಜಾತಿಗಳು. ಮೇವಿನ ತೂಕ ಹೆಚ್ಚಾಯಿತು, ಗಿಡಗಳ ಬಗೆ ಕಡಿಮೆಯಾಯಿತು. ಕೊಬ್ಬಿದ ಮಣ್ಣಿನಲ್ಲಿ ಎತ್ತರದ ಹುಲ್ಲು ಬಿಸಿಲನ್ನೆಲ್ಲ ಕುಡಿದುಬಿಡುತ್ತದೆ, ಬುಡದಲ್ಲಿರುವ ಸಣ್ಣ ಗಿಡಕ್ಕೆ ನೆರಳೇ ಗತಿ. ಇತ್ತ ಗೊಬ್ಬರದ ಹೊಲದಂಚಿನಲ್ಲಿ ಕ್ಲೀವರ್ಸ್ ಮಾತ್ರ ಸೊಂಪಾಗಿ ಬೆಳೆಯಿತು. ಒಂದೇ ಕುಲ, ಒಂದೇ ಗೊಬ್ಬರ. ತಂಗಿ ಗೆದ್ದಳು, ಅಕ್ಕ ಸೋತಳು.

ಗಿಡ ಹೋದರೆ ಒಬ್ಬಳೇ ಹೋಗುವುದಿಲ್ಲ. ಹಮ್ಮಿಂಗ್‌ಬರ್ಡ್ ಹಾಕ್‌ಮಾತ್ ಎಂಬ ಪತಂಗವಿದೆ. ಹಗಲಿನಲ್ಲೇ ಹಾರುತ್ತದೆ. ಹೂವಿನ ಮುಂದೆ ಗಾಳಿಯಲ್ಲಿ ನಿಂತು, ಉದ್ದನೆಯ ಹೀರುನಾಳ ಚಾಚಿ ಮಕರಂದ ಕುಡಿಯುತ್ತದೆ. ನೋಡಿದವರು ಪುಟ್ಟ ಹಕ್ಕಿ ಎಂದೇ ತಿಳಿಯುತ್ತಾರೆ. ಈ ಪತಂಗ ಮೊಟ್ಟೆ ಇಡುವುದು ಮುಖ್ಯವಾಗಿ ಹಾಸುಹುಲ್ಲಿನ ಮೇಲೆ. ಮರಿಹುಳುಗಳ ಊಟ ಅದರ ಎಲೆ. ಬೆಡ್‌ಸ್ಟ್ರಾ ಹಾಕ್‌ಮಾತ್ ಎಂದೇ ಹೆಸರಾದ ಇನ್ನೊಂದು ಪತಂಗವೂ ಇದೆ.

ಹಾಗೆಂದು ಕಥೆ ಪೂರ್ತಿ ದುಃಖದ್ದಲ್ಲ. ಹಳದಿ ಹಾಸುಹುಲ್ಲು ಅಳಿದುಹೋಗಿಲ್ಲ. ಗುಡ್ಡದ ಇಳಿಜಾರು, ಕಡಲಂಚಿನ ಮರಳು, ರಸ್ತೆಬದಿಯ ಹುಲ್ಲಿನ ಪಟ್ಟಿ, ಹಳೆಯ ಇಗರ್ಜಿಗಳ ಅಂಗಳ, ಹೀಗೆ ಗೊಬ್ಬರ ತಲುಪದ ಕಡೆ ಉಳಿದುಕೊಂಡಿದೆ. 2013ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕದ 60ನೇ ವರ್ಷದ ನೆನಪಿಗೆ ಹೂಬಯಲುಗಳನ್ನು ಮತ್ತೆ ಕಟ್ಟುವ ಒಂದು ಯೋಜನೆ ಶುರುವಾಯಿತು. ಅದರ ರೀತಿ ಸರಳ. ಉಳಿದಿರುವ ಹಳೆಯ ಬಯಲಿನಲ್ಲಿ ಬೀಜ ತುಂಬಿದ ಹಸಿ ಹುಲ್ಲನ್ನು ಕೊಯ್ದು, ಹೊಸ ಬಯಲಿನ ಮೇಲೆ ಹರಡುವುದು. ಹೆಪ್ಪು ಹಾಕಿದ ಹಾಗೆ. ಆದರೆ ಹೆಪ್ಪು ಹಾಕಬೇಕಾದರೆ ಎಲ್ಲಾದರೂ ಒಂದು ಬಟ್ಟಲು ಹಳೆಯ ಮೊಸರು ಉಳಿದಿರಬೇಕಲ್ಲವೇ? ಜೊತೆಗೆ ಹೊಸ ನೆಲಕ್ಕೆ ಗೊಬ್ಬರ ನಿಲ್ಲಿಸಿ ಅದನ್ನು ಮತ್ತೆ ಬಡವಾಗಿಸಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ.

ಇದೆಲ್ಲ ದೂರದೇಶದ ಮಾತಾಯಿತು, ನಮಗೇನು ಎನ್ನುವಿರಾ? ಹಾಸುಹುಲ್ಲು ನಮ್ಮ ದೇಶದಲ್ಲೂ ಇದೆ. ಹಳದಿಯದು ಕಾಶ್ಮೀರದ ಎತ್ತರದ ಹುಲ್ಲುಗಾವಲುಗಳಲ್ಲಿ ಬೆಳೆಯುತ್ತದೆ. ಕ್ಲೀವರ್ಸ್ ಹಿಮಾಲಯದ ಹಳ್ಳಿಗಳ ಸುತ್ತ ಸಿಗುತ್ತದೆ. ದಕ್ಷಿಣದಲ್ಲಿ ನೀಲಗಿರಿ, ಪಳನಿ ಬೆಟ್ಟಗಳ ಮೇಲೂ ಈ ಕುಲದ ಸಣ್ಣ ಹೂವಿನ ಗಿಡಗಳಿವೆ. ಆ ಎರಡು ಬೆಟ್ಟಗಳ ನೆತ್ತಿಯ ಸಸ್ಯಗಳ ಬಗ್ಗೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಫೈಸನ್ ಎಂಬ ಪ್ರಾಧ್ಯಾಪಕರು ಕಳೆದ ಶತಮಾನದ ಮೊದಲ ಭಾಗದಲ್ಲಿ ಚಿತ್ರಗಳ ಸಮೇತ ಗ್ರಂಥ ಬರೆದರು.

ಆ ಬೆಟ್ಟಗಳ ನೆತ್ತಿಯಲ್ಲಿ ಕಣಿವೆಗೆ ಶೋಲಾ ಕಾಡು, ಬೋಳುಗುಡ್ಡಕ್ಕೆ ಹುಲ್ಲು. ಇದು ಪ್ರಕೃತಿಯೇ ಮಾಡಿಕೊಂಡ ಏರ್ಪಾಡು. ಆದರೆ ಬ್ರಿಟಿಷರ ಕಣ್ಣಿಗೆ ಹುಲ್ಲಿನ ಗುಡ್ಡ ಖಾಲಿ ಜಾಗವಾಗಿ ಕಂಡಿತು. ಹತ್ತೊಂಬತ್ತನೇ ಶತಮಾನದಲ್ಲಿ ನೀಲಗಿರಿ ಮತ್ತು ನೀಲಗಿರಿ ಮರವನ್ನು, ಅಂದರೆ ಯೂಕಲಿಪ್ಟಸನ್ನು, ಒಟ್ಟಿಗೆ ಜೋಡಿಸಿಬಿಟ್ಟರು. ಆಸ್ಟ್ರೇಲಿಯಾದ ಅಕೇಶಿಯಾವನ್ನೂ ತಂದು ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೆ ನಾವೂ ಅದನ್ನೇ ಮುಂದುವರಿಸಿದೆವು. ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಮೂರರಲ್ಲಿ ಎರಡು ಭಾಗ ಹುಲ್ಲುಗಾವಲು ಕಳೆದುಹೋಯಿತು ಎಂದು ಉಪಗ್ರಹ ಚಿತ್ರಗಳನ್ನು ಹೋಲಿಸಿದ ಅಧ್ಯಯನ 2018ರಲ್ಲಿ ಹೇಳಿತು. ಕಾವೇರಿಗೆ ಸೇರುವ ಭವಾನಿ, ಭವಾನಿಗೆ ಸೇರುವ ಮೋಯಾರ್ ಎರಡಕ್ಕೂ ನೀರು ಕೊಡುವುದು ಇಂಥ ಬೆಟ್ಟಗಳೇ.

ಇಂಗ್ಲೆಂಡಿನಲ್ಲಿ ಗೊಬ್ಬರ ಮಾಡಿದ ಕೆಲಸವನ್ನು ಇಲ್ಲಿ ಮರ ಮಾಡಿತು. ಎರಡೂ ಕಡೆ ಉದ್ದೇಶ ಒಳ್ಳೆಯದೇ ಇತ್ತು. ಎರಡೂ ಕಡೆ ಹುಲ್ಲಿನ ನೆಲವನ್ನು ಬರಿದು ಎಂದು ತಿಳಿದದ್ದೇ ತಪ್ಪಾಯಿತು. ನಮ್ಮ ಸರ್ಕಾರಿ ಭಾಷೆಯಲ್ಲೂ ಎಷ್ಟೋ ಹುಲ್ಲುಬಯಲು ಪಾಳುಭೂಮಿಯ ಲೆಕ್ಕಕ್ಕೇ ಸೇರುತ್ತದೆ. ಆದರೆ ಹಳಬರ ಕನ್ನಡ ಹಾಗೆ ತಿಳಿದಿರಲಿಲ್ಲ. ಊರ ದನಗಳಿಗೆ ಬಿಟ್ಟ ಬಯಲನ್ನು ಗೋಮಾಳ ಎಂದರು. ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳು ಮೇಯುತ್ತಿದ್ದ ವಿಶಾಲ ಹುಲ್ಲುಗಾವಲಿಗೆ ಕಾವಲು ಎಂದು ಕರೆದರು. ಕಾಯಬೇಕಾದದ್ದು ಎಂಬ ಅರ್ಥ ಆ ಮಾತಿನಲ್ಲೇ ಇದೆ. ಬರಿದಾದ ಜಾಗವನ್ನು ಯಾರಾದರೂ ಕಾಯುತ್ತಾರೆಯೇ?

ಮರ ನೆಡಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮಹಾನಗರಗಳ ಬೀದಿಗಳಿಗೆ ಮರ ಬೇಕೇ ಬೇಕು. ಮುಂದಿನ ವನಮಹೋತ್ಸವಕ್ಕೆ ನಿಮ್ಮ ಸಂಘದವರೋ, ಕಚೇರಿಯವರೋ ಗುಡ್ಡದ ಮೇಲೆ ಸಸಿ ನೆಡಲು ಕರೆದರೆ, ಇಲ್ಲಿ ಮೊದಲು ಏನಿತ್ತು ಎಂದು ಒಂದು ಮಾತು ಕೇಳಿ. ಕಾಡು ಕಡಿದ ಜಾಗವಾದರೆ ಸಂತೋಷವಾಗಿ ನೆಡಿ. ಹಿಂದಿನಿಂದಲೂ ಹುಲ್ಲೇ ಇದ್ದ ಜಾಗವಾದರೆ, ಅಲ್ಲಿಯ ಕುರಿಗಾಹಿಯನ್ನೋ, ಸಸ್ಯ ಬಲ್ಲವರನ್ನೋ ವಿಚಾರಿಸಿ, ಸಸಿಗಳನ್ನು ಊರ ರಸ್ತೆಬದಿಗೆ ತನ್ನಿ.

ಊಟಿಗೆ, ಕೊಡೈಕನಾಲಿಗೆ ರಜೆಗೆ ಹೋದಾಗ ದೂರದ ನೋಟ ಮುಗಿದ ಮೇಲೆ ಒಮ್ಮೆ ಕಾಲ ಬುಡವನ್ನೂ ನೋಡಿ. ತೆಳ್ಳನೆಯ ಕಾಂಡದ ಸುತ್ತ ಚಕ್ರದಂತೆ ಎಲೆ, ತುದಿಯಲ್ಲಿ ನಾಲ್ಕೆಸಳಿನ ಚಿಕ್ಕ ಹೂವು ಕಂಡರೆ ಅದು ಹಾಸುಹುಲ್ಲಿನ ಬಳಗದವಳಿರಬಹುದು. ಕೀಳಬೇಡಿ, ಫೋಟೋ ತೆಗೆದುಕೊಳ್ಳಿ. ಯಾವ ಊರು, ಯಾವ ತಿಂಗಳು, ಎಂಥ ನೆಲ ಎಂದು ಬರೆದು ನಮಗೆ ಕಳಿಸಿ. ಮುಂದೊಂದು ದಿನ ನಿಮ್ಮ ಪತ್ರಗಳನ್ನೇ ಇಟ್ಟುಕೊಂಡು ಮಾತಾಡೋಣ.